ಮುಳ್ಳಯ್ಯನಗಿರಿ ದಕ್ಷಿಣ ಭಾರತದ ಅತಿ ಎತ್ತರದ ಶಿಖರ ಅಲ್ಲ, ತಪ್ಪು ನನ್ನದೇ

ನಾನು ಮೊದಲ ಸಲ ಮುಳ್ಳಯ್ಯನಗಿರಿ ಹತ್ತಿದಾಗಿನ ಫೋಟೋ ಈಗ ಗ್ರೂಪ್‌ಗಳಲ್ಲೆಲ್ಲ ಓಡಾಡ್ತಿದೆ. ಕೆಳಗೆ 'ದಕ್ಷಿಣ ಭಾರತದ ಅತಿ ಎತ್ತರದ ಶಿಖರ' ಅಂತಿದೆ. ಆ ಸಾಲು ಬರೆದವನು ನಾನೇ, ಆ ದಿನದ ಉತ್ಸಾಹದಲ್ಲಿ.

ಅದು ತಪ್ಪು. ಮುಳ್ಳಯ್ಯನಗಿರಿ ಸುಮಾರು 1,930 ಮೀಟರ್, ಕರ್ನಾಟಕದಲ್ಲಿ ಅದೇ ಅತಿ ಎತ್ತರದ್ದು. ದಕ್ಷಿಣಕ್ಕೆಲ್ಲ ದೊಡ್ಡದು ಕೇರಳದ ಆನಮುಡಿ, 2,695 ಮೀಟರ್. ಊಟಿಯ ದೊಡ್ಡಬೆಟ್ಟವೂ 2,637 ಮೀಟರ್ ಇದೆ.

ಇನ್ನೊಂದು ವಿಷಯ. 'ಇದೇ ರಾಜ್ಯದ ಅತಿ ಕಷ್ಟದ ಚಾರಣ' ಅಂತ ಯಾರೋ ಸೇರಿಸಿದ್ದಾರೆ, ಅದು ನಾನಲ್ಲ. ಸರ್ಪದಾರಿ ಅನ್ನೋ ಕಾಲುದಾರಿಯಲ್ಲಿ ಹತ್ತುವಾಗ ಗಾಳಿಗೆ ಟೋಪಿ ಹಾರಿಹೋಯ್ತು, ಎರಡು ಕಡೆ ಕೂತು ಉಸಿರು ಎಳೆದುಕೊಂಡೆ, ಮೇಲೆ ಗುಡಿ ಹತ್ತಿರ ಮುಟ್ಟಿದಾಗ ಮಂಜು ಬಿಟ್ಟರೆ ಏನೂ ಕಾಣಲಿಲ್ಲ, ಎಲ್ಲ ನಿಜ. ಆದರೆ ಅದೇ ಗುಡಿಗೆ ಇನ್ನೊಂದು ಕಡೆಯಿಂದ ರಸ್ತೆ ಇದೆ, ಗಾಡಿ ಇಳಿದು ಮೆಟ್ಟಿಲು ಹತ್ತಿದರೆ ಆಯ್ತು! ನಾನು ಏದುಸಿರು ಬಿಡ್ತಾ ನಿಂತಿದ್ದಾಗ ಪಕ್ಕದಲ್ಲೇ ಒಬ್ಬರು ಅಜ್ಜಿ ಆರಾಮಾಗಿ ಚುರುಮುರಿ ತಿಂತಿದ್ದರು. ಕುಮಾರ ಪರ್ವತ 1,712 ಮೀಟರೇ, ಆದರೂ ಕುಕ್ಕೆ ಕಡೆಯಿಂದ ಹತ್ತಿದರೆ ಕಾಲು ಜಾಸ್ತಿ ನೋಯುತ್ತೆ, ಯಾಕಂದ್ರೆ ಅಲ್ಲಿ ಬುಡದಿಂದಲೇ ನಡೀಬೇಕು.

ಫೋಟೋ ಇಟ್ಟುಕೊಳ್ಳಿ, ಸಾಲು ಅಳಿಸಿ.