ಶೇಕಡಾ ಲೆಕ್ಕದಲ್ಲಿ ‘ಅಲ್ಲಿ’ ಎಲ್ಲಿದೆ?

ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ವಾಟ್ಸಾಪ್ ತುಂಬ ಬಣ್ಣಬಣ್ಣದ ಸ್ತಂಭಾಲೇಖಗಳು. ಎಲ್ಲರ ಕಣ್ಣು ಕಂಬದ ತುದಿಗೆ ಹೋಗುತ್ತದೆ. ಮೊದಲು ಬುಡ ನೋಡಿ.

2024ರಲ್ಲಿ ಮೊದಲ ಸ್ಥಾನದ ಉಡುಪಿಗೆ ಶೇ. 94, ಕೊನೆಯ ಯಾದಗಿರಿಗೆ ಶೇ. 50.59. ಅಂಕಿಗಳಿರುವ ನಿಂತ ಗೆರೆ ಸೊನ್ನೆಯಿಂದ ಶುರುವಾದರೆ ಉಡುಪಿಯ ಕಂಬ ಯಾದಗಿರಿಯದರ 1.86 ಪಟ್ಟು. ಅದನ್ನೇ 40ರಿಂದ ಶುರುಮಾಡಿದರೆ ಕಾಣುವ ಎತ್ತರ 54 ಮತ್ತು 10.59, ಅಂದರೆ ಐದು ಪಟ್ಟು! ಬರೆದ ಅಂಕಿ ಒಂದೂ ತಪ್ಪಿಲ್ಲ, ಬುಡ ಕತ್ತರಿಸಿದ್ದಾರೆ ಅಷ್ಟೆ. ಗೆರೆಚಿತ್ರದಲ್ಲಿ ಇದನ್ನು ಒಪ್ಪಬಹುದು. ಕಂಬದ ಚಿತ್ರದಲ್ಲಿ ಉದ್ದವೇ ಮಾತಾಡುವುದರಿಂದ ನನ್ನ ಪ್ರಕಾರ ಇದು ಮೋಸವೇ.

ತುದಿ ಓದುವಾಗ ಮಕ್ಕಳು ಎಡವುವುದು ಸಣ್ಣ ಗೆರೆಗಳಲ್ಲಿ. 60 ಮತ್ತು 80ರ ನಡುವೆ ನಾಲ್ಕು ಗೆರೆ ಇದ್ದರೆ ಮನೆಗಳು ಐದು, ಒಂದೊಂದು ಮನೆಗೆ 4. ಗೆರೆ ಎಣಿಸಿ 20ನ್ನು ನಾಲ್ಕರಿಂದ ಭಾಗಿಸಿದರೆ ಮನೆಗೆ 5 ಬರುತ್ತದೆ, ಮುಂದಿನ ಲೆಕ್ಕವೆಲ್ಲ ಹಾಳು. ಅಂಚಿನಲ್ಲಿ ‘ಸಾವಿರಗಳಲ್ಲಿ’ ಅಂತ ಬರೆದಿದೆಯೋ ಅದನ್ನೂ ನೋಡಿಕೊಳ್ಳಿ.

ಇನ್ನು ಶೇಕಡಾ. ಆ ವರ್ಷ ಪರೀಕ್ಷೆಗೆ ಕೂತವರು 8,59,967, ಪಾಸಾದವರು 6,31,204. ಕ್ಯಾಲ್ಕುಲೇಟರ್ ಬೇಡ. ಮೊದಲು ನೂರರಲ್ಲಿ ಒಂದು ಭಾಗ ಹಿಡಿಯಿರಿ: ಸುಮಾರು 8,600. ಅದರ 73 ಪಟ್ಟು 6,27,800. ಉಳಿದ 3,404 ಅಂದರೆ 8,600ರಲ್ಲಿ 0.4ರಷ್ಟು. ಉತ್ತರ ಶೇ. 73.4.

ಭಾಗಾಕಾರ ಬಂದರೂ ಯಾವುದರಿಂದ ಭಾಗಿಸಬೇಕು ಅನ್ನುವುದೇ ತಿಳಿಯದೆ ಒದ್ದಾಡುವವರು ಜಾಸ್ತಿ. ಕನ್ನಡದಲ್ಲಿ ಇದಕ್ಕೆ ಸುಲಭದ ಗುರುತಿದೆ: ‘ಅಲ್ಲಿ’ ಯಾವ ಪದಕ್ಕೆ ಅಂಟಿದೆಯೋ ಅದೇ ಛೇದ. ‘ಹುಡುಗಿಯರಲ್ಲಿ ಪಾಸಾದವರು’ ಶೇ. 81.11. ‘ಪಾಸಾದವರಲ್ಲಿ ಹುಡುಗಿಯರು’ 3,43,788 ಭಾಗಿಸು 6,31,204, ಅಂದರೆ ಶೇ. 54.5. ಎರಡೂ ನಿಜ. ಒಂದರ ಶೀರ್ಷಿಕೆಯನ್ನು ಇನ್ನೊಂದರ ಕಂಬದ ಮೇಲೆ ಕೂರಿಸಿದರೆ ಮಾತ್ರ ಸುಳ್ಳು. (ವ್ಯಾಕರಣದ ಮೇಷ್ಟ್ರಿಗೆ ಗಣಿತದ ಮೇಷ್ಟ್ರು ಒಂದು ಕಾಫಿ ಕೊಡಿಸಬೇಕು.)

ಹೋಲಿಕೆಯಲ್ಲಿ ಆ ಕೆಲಸ ‘ಗಿಂತ’ದ್ದು. 2023ರಲ್ಲಿ ಶೇ. 83.89, 2024ರಲ್ಲಿ 73.40. ‘ಫಲಿತಾಂಶ ಶೇ. 10ರಷ್ಟು ಕುಸಿತ’ ಅಂತ ಬರೆಯುವವರು ಎರಡು ಶೇಕಡಾಗಳನ್ನು ಬರೀ ಕಳೆದಿರುತ್ತಾರೆ, ಆ 10.49 ಶೇಕಡಾವಾರು ಅಂಶ, ಶೇಕಡಾ ಅಲ್ಲ. 2023ಕ್ಕಿಂತ ಎಷ್ಟು ಶೇಕಡಾ ಕಡಿಮೆ ಎಂದರೆ 10.49ನ್ನು 83.89ರಿಂದ ಭಾಗಿಸಬೇಕು: ಶೇ. 12.5. ಅಲ್ಲಿಂದ ಮತ್ತೆ 83.89ಕ್ಕೆ ಏರಲು ಶೇ. 12.5 ಸಾಲದು. ಈಗ ಛೇದ 73.40 ಆಯಿತಲ್ಲ, ಶೇ. 14.3 ಬೇಕು.

ಶೇಕಡಾಗಳ ಸರಾಸರಿಯೂ ಹೀಗೇ ಕೈಕೊಡುತ್ತದೆ. ಹುಡುಗಿಯರ 81.11, ಹುಡುಗರ 65.90 ಕೂಡಿಸಿ ಎರಡರಿಂದ ಭಾಗಿಸಿದರೆ 73.5. ನಿಜವಾದದ್ದು 73.4. ಪರೀಕ್ಷೆಗೆ ಕೂತವರಲ್ಲಿ ಹುಡುಗರು ತುಸು ಹೆಚ್ಚಿದ್ದರಿಂದ ಸರಾಸರಿ ಅವರ ಕಡೆ ವಾಲಿತು. ಇಲ್ಲಿ ವ್ಯತ್ಯಾಸ ಅತ್ಯಲ್ಪ. ಐನೂರು ಮಕ್ಕಳ ಶಾಲೆಯ ಶೇಕಡಾವನ್ನೂ ಇಪ್ಪತ್ತು ಮಕ್ಕಳ ಶಾಲೆಯದನ್ನೂ ಹಾಗೇ ಕೂಡಿಸಿ ಭಾಗಿಸಿ ನೋಡಿ, ಉತ್ತರ ಎಲ್ಲೋ ಹೋಗಿರುತ್ತದೆ.

ಕಂಬಗಳೆರಡೂ ಒಂದೇ ವಸ್ತುವನ್ನು ಅಳೆಯುತ್ತಿವೆಯೇ ಅನ್ನುವುದು ಬೇರೆ ಪ್ರಶ್ನೆ. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ (ಕ್ಯಾಮೆರಾದಲ್ಲಿ ನೇರ ನಿಗಾ) ಬಂತು, ಕೃಪಾಂಕವನ್ನು ಶೇ. 10ರಿಂದ 20ಕ್ಕೆ ಏರಿಸಿದರು. ಆ 73.40ರೊಳಗೆ ಈ ಹೆಚ್ಚುವರಿ ಕೃಪಾಂಕದಿಂದ ದಾಟಿದವರೂ ಇದ್ದಾರೆ, ಪಕ್ಕದ 83.89ರಲ್ಲಿ ಅಂಥವರಿಲ್ಲ.