ಕುಂಬಳಕಾಯಿ ಒಡೆದವರಿಗೆ ರಜೆ

ಆಯುಧಪೂಜೆಯ ದಿನ ಬೆಂಗಳೂರಿನ ಕಚೇರಿಗಳಲ್ಲಿ ದುಡಿಮೆಗೆ ಎಲ್ಲಿಲ್ಲದ ಭಕ್ತಿ. ಲ್ಯಾಪ್‌ಟಾಪಿಗೆ ಕುಂಕುಮ ಇಡುವವರು ಮುಚ್ಚಳದ ಮೇಲಿಡಿ. ಕೀಲಿಗಳ ಸಂದಿಗೆ ಉದುರಿದರೆ ಕೀಲಿ ಕಚ್ಚಿಕೊಳ್ಳುತ್ತದೆ. ಸರ್ವರ್ ಕೋಣೆಯಲ್ಲಿ ಊದುಬತ್ತಿ ಬೇಡ, ಹೊಗೆ ಅಲಾರಾಂಗೆ ಭಕ್ತಿಗೂ ಬೆಂಕಿಗೂ ವ್ಯತ್ಯಾಸ ಗೊತ್ತಿಲ್ಲ. ಲಿಫ್ಟು, ಜನರೇಟರು, ಕಾಫಿ ಯಂತ್ರ ಎಲ್ಲಕ್ಕೂ ಸೇವಂತಿಗೆ. ಪೊರಕೆಗೆ ಮಾತ್ರ ಇಲ್ಲ. ಅದು ಹೌಸ್‌ಕೀಪಿಂಗ್ ಏಜೆನ್ಸಿಯ ಸ್ವತ್ತು, ಕಂಪನಿಯ ಆಸ್ತಿಪಟ್ಟಿಯಲ್ಲಿ ಬರುವುದಿಲ್ಲ.

ಆಮೇಲೆ ಬೂದುಗುಂಬಳ. ತೊಟ್ಟಿನ ಹತ್ತಿರ ಚೌಕಾಕಾರ ಕೊರೆದು, ಒಳಗೆ ಕುಂಕುಮ, ಚಿಲ್ಲರೆ ಕಾಸು ತುಂಬಿ, ಕೊರೆದ ತುಂಡನ್ನೇ ಮುಚ್ಚಿ, ಮೇಲೆ ಕರ್ಪೂರ ಹಚ್ಚಿ, ಮೂರು ಸುತ್ತು ನಿವಾಳಿಸಿ ನಡುರಸ್ತೆಗೆ ಅಪ್ಪಳಿಸಬೇಕು. ಒಳಗೇ ಒಡೆಯಬಹುದಲ್ಲ ಎಂದರೆ ಗ್ರಾನೈಟಿಗೆ ಕಲೆ ಹತ್ತುತ್ತದೆ. ದೃಷ್ಟಿ ಕಂಪನಿಯದು, ಡಾಂಬರು ಊರಿನದು. ಈ ಕಾಯಿಯಲ್ಲಿ ನೂರಕ್ಕೆ ಸುಮಾರು 96 ಪಾಲು ನೀರೇ. ತಿರುಳು, ಬೀಜ ಟೈರಿನಡಿ ಸಿಕ್ಕರೆ ರಸ್ತೆಯ ಹಿಡಿತ ಹೋಯಿತು. ತಿರುವಿನಲ್ಲಿ ಮುಂದಿನ ಬ್ರೇಕ್ ಹಿಡಿದ ಡೆಲಿವರಿ ಹುಡುಗ ಹೋಳಿನ ಪಕ್ಕದಲ್ಲೇ ಬೀಳುತ್ತಾನೆ. ನಿವಾಳಿಸಿದ ದೃಷ್ಟಿ ಎಲ್ಲಿಗೆ ಹೋಯಿತೆಂದು ಇನ್ನು ಯಾರೂ ಕೇಳಬೇಕಿಲ್ಲ. ರಸ್ತೆಯಲ್ಲಿ ಒಡೆಯಬೇಡಿ ಎಂಬ ಮನವಿ ಹಬ್ಬ ಬಂದಾಗಲೆಲ್ಲ ಬರುತ್ತದೆ. ಹೆಗಲು ಮುಟ್ಟಿ ನೋಡಿಕೊಳ್ಳುವ ಒಬ್ಬ ಕುಂಬಳಕಾಯಿ ಕಳ್ಳನೂ ಸಿಗುವುದಿಲ್ಲ.

ಮರುದಿನ ವಿಜಯದಶಮಿ, ಒಡೆದವರಿಗೆ ರಜೆ. ಬೀದಿಯಲ್ಲಿರುವುದು ಪೌರಕಾರ್ಮಿಕರು. ರಾತ್ರಿಯಿಡೀ ವಾಹನ ಹರಿದು ಅಂಟಿಕೊಂಡ ತಿರುಳು ಪೊರಕೆಗೆ ಬಗ್ಗುವುದಿಲ್ಲ, ಸಲಿಕೆಯಲ್ಲಿ ಕೆರೆಯಬೇಕು. ಬಾಳೆಕಂಬ ಹಸಿ ಕಸ, ಅದನ್ನು ಗೇಟಿಗೆ ಬಿಗಿದ ಪ್ಲಾಸ್ಟಿಕ್ ದಾರ ಒಣ ಕಸ; ಬಿಡಿಸುವ ಕೈ ಒಂದೇ. ಬಿಡಿಸದೆ ಹಾಕಿದರೆ ದಾರ ಗೊಬ್ಬರದಲ್ಲಿ ಕೊಳೆಯದೆ ಹಾಗೇ ಉಳಿಯುತ್ತದೆ.

ಇಷ್ಟಕ್ಕೂ ರಿಸೆಪ್ಷನ್ ಗೋಡೆಯ ಮೇಲೆ ಬಸವಣ್ಣನವರ ಚಿತ್ರ, ಕೆಳಗೆ ‘ಕಾಯಕವೇ ಕೈಲಾಸ’. ಆ ಮಾತಿರುವುದು ಆಯ್ದಕ್ಕಿ ಮಾರಯ್ಯನ ವಚನದಲ್ಲಿ. ಕಾಯಕದಲ್ಲಿ ತೊಡಗಿದಾಗ ಲಿಂಗಪೂಜೆಯನ್ನೂ ಮರೆಯಬೇಕು ಎನ್ನುತ್ತದೆ ಅದು. ಎಚ್‌ಆರ್ ವಿಭಾಗ ಅದನ್ನು ‘ಮನೆಗೆ ಹೋಗುವುದನ್ನು ಮರೆಯಬೇಕು’ ಎಂದು ಓದಿಕೊಂಡಿದೆ. ಮಾರಯ್ಯ ಒಂದು ದಿನ ಬೇಕಾದ್ದಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಹೆಂಡತಿ ಲಕ್ಕಮ್ಮ ಹೆಚ್ಚಿನದನ್ನು ಅಲ್ಲೇ ಸುರಿದು ಬಾ ಎಂದು ವಾಪಸ್ ಅಟ್ಟಿದಳು. ಆ ಭಾಗಕ್ಕೆ ಪೋಸ್ಟರಿನಲ್ಲಿ ಜಾಗ ಸಾಲಲಿಲ್ಲ. ಲಾಭ ಹೆಚ್ಚಾಯಿತು, ಹಿಂದಕ್ಕೆ ಕೊಡಿ ಎನ್ನುವ ಲಕ್ಕಮ್ಮ ಈ ಕಂಪನಿಯಲ್ಲಿ ಕೆಲಸಕ್ಕಿದ್ದಿದ್ದರೆ ಇಷ್ಟು ಹೊತ್ತಿಗೆ ನೋಟಿಸ್ ಪೀರಿಯಡ್‌ನಲ್ಲಿರುತ್ತಿದ್ದಳು.