ಹದಿನಾಲ್ಕನೇ ದಿನ

ಅಮ್ಮ ತೀರಿಕೊಂಡಾಗ ನಾನು ಅಳಲಿಲ್ಲ. ಇಂಗ್ಲೆಂಡಿನ ಲೀಡ್ಸ್‌ನಿಂದ ಹೊರಟು ಉಡುಪಿ ಮುಟ್ಟುವಾಗ ಒಂದೂವರೆ ದಿನ ಕಳೆದಿತ್ತು. ಅಂಗಳದಲ್ಲಿ ಶಾಮಿಯಾನ, ಕುರ್ಚಿ ತುಂಬಾ ಜನ. ದೊಡ್ಡಮ್ಮ ನನ್ನ ಮುಖ ನೋಡಿ, "ಒಮ್ಮೆ ಅತ್ತುಬಿಡು ಮಗಾ, ಇಲ್ಲದಿದ್ದರೆ ಮಂಡೆಗೆ ಹೋಗ್ತದೆ" ಅಂದರು.

ದೊಡ್ಡಮ್ಮನಿಗೆ ಇದನ್ನು ಕಲಿಸಿದ್ದು ಸಿನಿಮಾ ಎಂದು ನನ್ನ ಗುಮಾನಿ. ಅಲ್ಲಿ ಅಳದೆ ಕೂತವಳ ಕೆನ್ನೆಗೆ ಯಾರಾದರೂ ಒಂದು ಬಾರಿಸುತ್ತಾರೆ. ಅವಳು ಕಿರುಚಿ ಅಳುತ್ತಾಳೆ, ಪಿಟೀಲು ಶುರುವಾಗುತ್ತದೆ. ಮುಂದಿನ ಸೀನಿಗೆ ಗೋಡೆಯಲ್ಲಿ ಫೋಟೋ, ಹಾರ, ಸಣ್ಣ ಕೆಂಪು ಬಲ್ಬು. ಮುಗೀತು.

ನನಗೆ ಅಳು ಬಂದದ್ದು ಒಂಬತ್ತು ವಾರ ಬಿಟ್ಟು. ಹೊಟ್ಟೆನೋವು ಅಂತ ಲೀಡ್ಸ್‌ನಲ್ಲಿ ಡಾಕ್ಟರ ಹತ್ತಿರ ಹೋಗಿದ್ದೆ. "ತಾಯಿಗೆ ಶುಗರ್ ಇದೆಯಾ?" ಎಂದು ಕೇಳಿದರು. "ಉಂಟು" ಅಂದೆ, ಸೀದಾ ಕನ್ನಡದಲ್ಲೇ. ಆಮೇಲೆ ಅದನ್ನು "ಇತ್ತು" ಅಂತ ತಿದ್ದಲು ಆಗಲಿಲ್ಲ. ಡಾಕ್ಟರು ಟಿಶ್ಯೂ ಡಬ್ಬಿ ಮುಂದೆ ತಳ್ಳಿ, ಹೊಟ್ಟೆಯ ವಿಷಯ ಬಿಟ್ಟು ನಿದ್ದೆಯ ವಿಷಯ ಕೇಳಲು ಶುರುಮಾಡಿದರು.

ಆಮೇಲೆ ಆರು ವಾರ, ಪ್ರತಿ ಮಂಗಳವಾರ ಸಂಜೆ ಕೌನ್ಸೆಲಿಂಗಿಗೆ ಅಂತ ಒಬ್ಬ ಹೆಂಗಸಿನ ಫೋನು. ನಾನು ಕಾದಿದ್ದದ್ದು ನಮ್ಮ 'ಆಪ್ತಮಿತ್ರ'ದ ಮನೋವೈದ್ಯ ಡಾಕ್ಟರ್ ವಿಜಯ್‌ನಂಥವರನ್ನು! 2004ರಲ್ಲಿ ಬಂದ ಆ ಸಿನಿಮಾವನ್ನು ಎಷ್ಟು ಸಲ ನೋಡಿದ್ದೇನೋ ಲೆಕ್ಕ ಇಲ್ಲ, ಇನ್ನೂ ನೋಡುತ್ತೇನೆ. ಆದರೆ ಅಲ್ಲಿ ಕಾಯಿಲೆ ಒಂದೇ ರಾತ್ರಿಯ ನಾಟಕಕ್ಕೆ ವಾಸಿಯಾಗುತ್ತದೆ. ಈ ಹೆಂಗಸು ಕೇಳುತ್ತಿದ್ದದ್ದು ಇಷ್ಟೇ: ನಿದ್ದೆ ಎಷ್ಟು, ಊಟ ಎಷ್ಟು, ಈ ವಾರ ಅಮ್ಮನ ಬಗ್ಗೆ ಯಾರ ಹತ್ತಿರ ಮಾತಾಡಿದಿರಿ? ಬೋರು ಹೊಡೆಸುವ ಪ್ರಶ್ನೆಗಳು. ಮೂರನೇ ವಾರ ನಾನೇ ಫೋನಿಗೆ ಕಾಯುತ್ತಿದ್ದೆ.

ಆಗ ನನಗೆ ಹೊಳೆದದ್ದು ಊರಿನ ಒಂದು ಲೆಕ್ಕ. ನಮ್ಮಲ್ಲಿ ಬೊಜ್ಜದವರೆಗೆ, ಅಂದರೆ ಹದಿಮೂರನೇ ದಿನದ ಉತ್ತರಕ್ರಿಯೆಯವರೆಗೆ, ಯಾರೂ ನಿಮ್ಮನ್ನು ಒಬ್ಬರೇ ಬಿಡುವುದಿಲ್ಲ. ಯಾರೋ ಗಂಜಿ ತರುತ್ತಾರೆ, ಯಾರೋ ಲೆಕ್ಕ ಬರೆಯುತ್ತಾರೆ, ಯಾರೋ ಸುಮ್ನೆ ಬಂದು ಕೂರುತ್ತಾರೆ. ಇಲ್ಲಿ ಇಂಗ್ಲೆಂಡಿನಲ್ಲಿ ಶವಸಂಸ್ಕಾರಕ್ಕೇ ಎರಡು ಮೂರು ವಾರ ಕಾಯುವುದು ಮಾಮೂಲಿ. ಅಷ್ಟು ದಿನ ಮನೆಯವರು ಹೆಚ್ಚುಕಡಿಮೆ ಒಬ್ಬರೇ. ಪಕ್ಕದ ಮನೆಯವರು ಕಾರ್ಡು ಹಾಕಿ ಹೋಗುತ್ತಾರೆ. ಇದನ್ನು ನೋಡಿ "ನಮ್ಮದೇ ಒಳ್ಳೆದು" ಅಂತ ಎಷ್ಟೋ ಸಲ ಜಂಬ ಕೊಚ್ಚಿದ್ದೇನೆ. ಆದರೆ ನಮ್ಮಲ್ಲಿ ಹದಿನಾಲ್ಕನೇ ದಿನ? ಶಾಮಿಯಾನದವನು ಕಂಬ ಕಿತ್ತುಕೊಂಡು ಹೋದ. ಅಕ್ಕ ಅಡುಗೆಮನೆಯಲ್ಲಿ ಒಬ್ಬಳೇ ದೊಡ್ಡ ಪಾತ್ರೆಗಳನ್ನು ತಿಕ್ಕುತ್ತಿದ್ದಳು. "ಎಲ್ಲ ಚಂದದಲ್ಲಿ ಆಯ್ತಲ್ಲ" ಅಂದವರೇ ಎಲ್ಲರೂ. ಅವಳಿಗೆ ನಿದ್ದೆ ಬರ್ತದಾ ಅಂತ ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ, ನನಗೆ ಫ್ಲೈಟು ಇತ್ತು.

ಕೇಳಿದ್ದರೂ "ಸ್ವಲ್ಪ ಮಂಡೆಬಿಸಿ" ಅನ್ನುತ್ತಿದ್ದಳು. ನಮ್ಮಲ್ಲಿ ಬಸ್ಸು ತಪ್ಪಿದರೂ ಮಂಡೆಬಿಸಿ, ಬದುಕು ಬೇಡವಾದರೂ ಮಂಡೆಬಿಸಿ.

ಸಿನಿಮಾದಿಂದ ನಿಜವಾದ ನಷ್ಟ ಆದದ್ದನ್ನೂ ನೋಡಿದ್ದೇನೆ. ಅತ್ತೆ ಹೋದಮೇಲೆ ನನ್ನ ಸೋದರಮಾವ ಊಟ ಬಿಟ್ಟರು, ಮಾತು ಬಿಟ್ಟರು. ಮಾತ್ರೆ ನಾಟಲಿಲ್ಲ. ಮಂಗಳೂರಿನ ಡಾಕ್ಟರು ಇಸಿಟಿ, ಅಂದರೆ ಮಿದುಳಿಗೆ ಸ್ವಲ್ಪ ಕರೆಂಟು ಹಾಯಿಸುವ ಚಿಕಿತ್ಸೆ, ಮಾಡೋಣ ಅಂದರು. ಮನೆಯಲ್ಲಿ ಎಲ್ಲರ ಕಣ್ಣಿಗೂ ಕಟ್ಟಿದ್ದು ಒಂದೇ ಚಿತ್ರ: ಮಂಚಕ್ಕೆ ಬಿಗಿದ ಮನುಷ್ಯ, ಚೀರಾಟ, ಮಿಣಮಿಣ ಅನ್ನುವ ಲೈಟು. "ಕರೆಂಟು ಕೊಡ್ಲಿಕ್ಕೆ ಬಿಡುವುದಿಲ್ಲ" ಅಂತ ಎರಡು ತಿಂಗಳು ಹಠ. 1938ರಲ್ಲಿ ರೋಮ್‌ನಲ್ಲಿ ಮೊದಲು ಮಾಡಿದಾಗ ಅರಿವಳಿಕೆ ಇರಲಿಲ್ಲ, ನಿಜ. ಈಗ ಅರಿವಳಿಕೆ, ಸ್ನಾಯು ಸಡಿಲಿಸುವ ಮದ್ದು ಎರಡೂ ಬೇಕೇ ಬೇಕು. ಅವಿಲ್ಲದೆ ಇಸಿಟಿ ಕೊಡುವುದನ್ನು 2017ರ ಮಾನಸಿಕ ಆರೋಗ್ಯ ಕಾಯ್ದೆ ನಿಷೇಧಿಸಿದೆ. ಕೊನೆಗೆ ಒಪ್ಪಿದೆವು. ಕೆಲವು ವಾರ ಕಳೆದು ಮಾವ ಗಂಜಿಗೆ ಉಪ್ಪಿನಕಾಯಿ ಕೇಳಿದರು. ಆ ದಿನಗಳ ನೆನಪು ಸ್ವಲ್ಪ ಅಳಿಸಿಹೋಗಿದೆ ಅನ್ನುತ್ತಾರೆ, ಅದೂ ಆಗುವುದುಂಟು. ಆದರೆ ಆ ಎರಡು ತಿಂಗಳು ಸುಮ್ನೆ ಹೋದದ್ದು ನನಗೆ ಇನ್ನೂ ಸಿಟ್ಟು. ಪರದೆಯಲ್ಲಿ ಸಿಗರೇಟು ಹಚ್ಚಿದರೆ ಮೂಲೆಯಲ್ಲಿ ಎಚ್ಚರಿಕೆ ಬರುತ್ತದೆ. ಹುಚ್ಚಾಸ್ಪತ್ರೆಯ ತಮಾಷೆ ಸೀನಿಗೆ ಎಂತದೂ ಬರುವುದಿಲ್ಲ, ಅಲ್ವಾ?

ಹಾಗಂತ ನಮ್ಮವರಿಗೆ ಗೊತ್ತೇ ಇರಲಿಲ್ಲ ಅನ್ನುವ ಹಾಗಿಲ್ಲ. ತ್ರಿವೇಣಿಯವರ ಕಾದಂಬರಿ ಹಿಡಿದು ಪುಟ್ಟಣ್ಣ ಕಣಗಾಲ್ 1971ರಲ್ಲೇ 'ಶರಪಂಜರ' ಮಾಡಿದರು. ಬಾಣಂತನದಲ್ಲಿ ಮನಸ್ಸು ಕೆಟ್ಟ ಕಾವೇರಿ ಆಸ್ಪತ್ರೆಯಿಂದ ವಾಸಿಯಾಗಿಯೇ ಮನೆಗೆ ಬರುತ್ತಾಳೆ. ಆಮೇಲೆ ಅವಳು ನಕ್ಕರೂ ಅನುಮಾನ, ಸಿಟ್ಟು ಮಾಡಿದರೂ ಅನುಮಾನ. ಅವಳನ್ನು ಮತ್ತೆ ಆಸ್ಪತ್ರೆಗೆ ಕಳಿಸಿದ್ದು ಕಾಯಿಲೆ ಅಲ್ಲ, ಮನೆ. ಹದಿನಾಲ್ಕನೇ ದಿನದ ಸಿನಿಮಾ ಅಂದರೆ ನನಗೆ ಅದೇ. ಅಷ್ಟು ಹಿಂದೆ ಅಷ್ಟು ದೂರ ಹೋದವರು ಮತ್ತೆ ಕೆನ್ನೆಗೆ ಬಾರಿಸುವ ಸೀನಿಗೆ ಯಾಕೆ ಬಂದೆವೋ.

ಈಗ ವೈದ್ಯರ ಪಟ್ಟಿಯಲ್ಲೂ ಮುಗಿಯದ ದುಃಖಕ್ಕೆ ಒಂದು ಹೆಸರುಂಟು. ದಿನದ ಬದುಕೇ ನಡೆಯದ ಹಾಗೆ ದುಃಖ ಹಿಡಿದು ನಿಂತರೆ ಅದು ಕಾಯಿಲೆ. ಅದಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಕಡಿಮೆ ಅಂದರೂ ಆರು ತಿಂಗಳು ಕಾಯುತ್ತದೆ, ಅಮೆರಿಕದ ಮನೋವೈದ್ಯರು ದೊಡ್ಡವರ ವಿಷಯದಲ್ಲಿ ಒಂದು ವರ್ಷ. ಒಂದು ವರ್ಷ ಅಂದಾಗ ನನಗೆ ವರ್ಷಾಂತಿಕ ನೆನಪಾಯಿತು.

ಕಳೆದ ಆಟಿಯಲ್ಲಿ, ಅಂದರೆ ತುಳುವರ ಮಳೆಗಾಲದ ತಿಂಗಳಲ್ಲಿ, ಅಕ್ಕ ಅಮ್ಮನಿಗೆ ಬಡಿಸಿದಳು. ನಮ್ಮ ಮನೆಯಲ್ಲಿ ಕುಲೆಗಳಿಗೆ, ಅಂದರೆ ತೀರಿಹೋದವರಿಗೆ, ಎಲೆ ಹಾಕಿ, ಬಾಗಿಲು ಎಳೆದುಕೊಂಡು ಸ್ವಲ್ಪ ಹೊತ್ತು ಹೊರಗೆ ನಿಲ್ಲುವುದು. ನಾನು ವಿಡಿಯೋ ಕಾಲಿನಲ್ಲಿ ಇದ್ದೆ. ಮಳೆ ಹೊಡೆಯುತ್ತಿತ್ತು, ಅವಳು ಜಗಲಿಯಲ್ಲಿ ಗೋಡೆಗೆ ಒರಗಿ ನಿಂತಿದ್ದಳು.

"ನಿದ್ದೆ ಬರ್ತದಾ ಅಕ್ಕ?" ಅಂತ ಕೇಳಿದೆ.

"ಈಗ ಅಡ್ಡಿಲ್ಲ. ಮೊದಲು ಇರಲಿಲ್ಲ."

ಕಾಲು ಗಂಟೆ ದಾಟಿತ್ತು. "ಇನ್ನು ಬಾಗಿಲು ತೆಗೀಬಹುದಲ್ಲ?" ಅಂದೆ.

"ನಿಲ್ಲು ಮಾರಾಯ. ಅಮ್ಮ ಊಟಕ್ಕೆ ಕೂತರೆ ಎಷ್ಟು ಹೊತ್ತು ಅಂತ ನಿನಗೆ ಗೊತ್ತುಂಟಲ್ಲ" ಅಂದಳು.